ಕಿವಿ ಮೆಚ್ಚಿದ ಪದಗಳು

ಊಟದಲ್ಲಿ ರುಚಿಭೇದವಿರುವಂತೆ ಮಾತಿನಲ್ಲಿಯೂ ರುಚಿಭೇದವುಂಟು. ಒಬ್ಬನಿಗೆ ಹಿತವಾದ ಪದ ಇನ್ನೊಬ್ಬನಿಗೆ ಸಪ್ಪೆಯೆನಿಸಬಹುದು. ಒಬ್ಬನು ಕೇಳಿದೊಡನೆ ಮುಖ ಸಿಂಡರಿಸುವ ಪದವನ್ನು ಮತ್ತೊಬ್ಬನು ದಿನಕ್ಕೆ ಹತ್ತು ಸಲ ಆಡಬಹುದು. ಪದವೆಂಬುದು ಅರ್ಥವನ್ನು ತುಂಬಿ ತರುವ ಚೀಲ ಮಾತ್ರವೇ ಆಗಿದ್ದರೆ ಈ ಮೆಚ್ಚುಗೆಗೂ ಬೇಸರಕ್ಕೂ ಎಡೆಯೇ ಇರುತ್ತಿರಲಿಲ್ಲ. ಧಾನ್ಯವನ್ನು ಸುರಿದುಕೊಂಡ ಮೇಲೆ ಬರಿಯ ಚೀಲವನ್ನು ಕೈಯಲ್ಲಿ ಹಿಡಿದು ಮೆಚ್ಚುತ್ತ ಕೂರುವವರು ಯಾರು? ಆದರೆ ಪದಗಳ ವಿಷಯದಲ್ಲಿ ಜನರು ಮಾಡುವುದು ಅದನ್ನೇ. ಇಂಗ್ಲಿಷ್ ಭಾಷೆಯ ಪದಗಳನ್ನು ಹೀಗೆ ಎತ್ತಿ ನೋಡಿ, ತೂಗಿ, ಇದು ಚೆಲುವು, ಇದು ಅದಕ್ಕಿಂತ ಚೆಲುವು ಎಂದು ಪಟ್ಟಿ ಮಾಡುವ ಹವ್ಯಾಸ ಬಹುಕಾಲದಿಂದ ನಡೆದುಬಂದಿದೆ.

ಅಮೆರಿಕದ ನಿಘಂಟುಕಾರರೂ ಪ್ರಕಾಶಕರೂ ಆಗಿದ್ದ ವಿಲ್ಫ್ರೆಡ್ ಫಂಕ್ ಅವರು 1932ರಲ್ಲಿ ಇಂಗ್ಲಿಷಿನ ಅತ್ಯಂತ ಸುಂದರವಾದ ಹತ್ತು ಪದಗಳನ್ನು ಆರಿಸಿ ಪ್ರಕಟಿಸಿದರು. ಡಾನ್, ಹಷ್, ಲಲಬೈ, ಮರ್ಮರಿಂಗ್, ಟ್ರ್ಯಾಂಕ್ವಿಲ್, ಮಿಸ್ಟ್, ಲ್ಯೂಮಿನಸ್, ಚೈಮ್ಸ್, ಗೋಲ್ಡನ್, ಮೆಲೊಡಿ - ಇವೇ ಆ ಹತ್ತು. ಕನ್ನಡದಲ್ಲಿ ಹೇಳುವುದಾದರೆ ಅರುಣೋದಯ, ನೀರವತೆ, ಜೋಗುಳ, ಮೆಲ್ಲನೆ ಮೊರೆಯುವಿಕೆ, ಪ್ರಶಾಂತ, ಮಂಜು, ಪ್ರಭೆಯುಳ್ಳ, ಗಂಟೆಗಳ ನಾದ, ಹೊಂಬಣ್ಣದ, ಇನಿದನಿ. ಈ ಪಟ್ಟಿಯನ್ನು ಮೆಲ್ಲಗೆ ಬಾಯಿಬಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಇಲ್ಲಿ ಬಿರುಸಾದ ಸದ್ದುಗಳು ಕಡಮೆ. ಲಕಾರ, ಮಕಾರ, ನಕಾರಗಳು ಮತ್ತೆ ಮತ್ತೆ ಸುಳಿಯುತ್ತವೆ. ನಾಲಗೆ ಎಲ್ಲಿಯೂ ಎಡವದೆ ಸಾಗುತ್ತದೆ.

ಕೆಲವು ಪದಗಳಲ್ಲಂತೂ ಸದ್ದೂ ಅರ್ಥವೂ ಒಂದರೊಳಗೊಂದು ಬೆರೆತುಹೋಗಿವೆ. 'ಹಷ್' ಎಂಬುದರ ಕೊನೆಯ ಸದ್ದು, ಅಳುವ ಮಗುವನ್ನು ಸುಮ್ಮನಾಗಿಸಲು ತಾಯಿ ತುಟಿಯ ಮೇಲೆ ಬೆರಳಿಟ್ಟು ಮಾಡುವ ಸದ್ದೇ ಆಗಿದೆ. ಕನ್ನಡದ ತಾಯಂದಿರ 'ಶ್' ಎಂಬುದೂ ಇದಕ್ಕಿಂತ ಬೇರೆಯಲ್ಲ. 'ಲಲಬೈ' ಎಂಬ ಪದದ ಮೊದಲ ಭಾಗವಾದ 'ಲಲ್' ಎಂಬುದು ಮಗುವನ್ನು ಮಲಗಿಸುವಾಗ ಗುನುಗುವ ದನಿಯ ಅನುಕರಣ. ನಮ್ಮ ತೊಟ್ಟಿಲ ಹಾಡಿನ 'ಲಾಲಿ'ಯಲ್ಲಿಯೂ ಲಕಾರವೇ ತೂಗುತ್ತದೆ. 'ಮರ್ಮರ್' ಎಂಬುದು ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಒಣಗಿದ ಎಲೆಗಳ ಸದ್ದಿಗೆ ಸಂಸ್ಕೃತದಲ್ಲಿ 'ಮರ್ಮರ' ಎಂಬ ಪದವಿದೆ. ಇದನ್ನು ಕನ್ನಡದ ಕವಿಗಳೂ ಬಳಸಿದ್ದಾರೆ. ಬಹು ದೂರದ ಎರಡು ನಾಡುಗಳಲ್ಲಿ ಗಾಳಿಯು ಎಲೆಗಳ ನಡುವೆ ಒಂದೇ ಮಾತನ್ನು ಆಡಿತೆನ್ನಬೇಕು.

ಹಾಗಾದರೆ ಪದದ ಚೆಲುವೆಲ್ಲವೂ ಅದರ ನಾದದಲ್ಲಿಯೇ ಇದೆಯೆಂದು ಹೇಳಿಬಿಡಬಹುದೇ? ಈ ಮಾತನ್ನು ಇಂಗ್ಲೆಂಡಿನ ಹಾಸ್ಯಪ್ರಬಂಧಕಾರ ಮ್ಯಾಕ್ಸ್ ಬೀರ್ಬೋಮ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಲೇವಡಿ ಮಾಡಿದರು. ವೆನಿಸ್ ನಗರದ ಕಾಲುವೆಗಳಲ್ಲಿ ತೇಲುವ ಸೊಗಸಾದ ದೋಣಿಗೆ 'ಗೊಂಡೋಲಾ' ಎಂದು ಹೆಸರು. ಕತ್ತಿನ ಗ್ರಂಥಿಗಳು ಊದಿಕೊಳ್ಳುವ ಒಂದು ರೋಗಕ್ಕೆ 'ಸ್ಕ್ರಾಫ್ಯುಲಾ' ಎಂದು ಹೆಸರು. ಈ ಹೆಸರುಗಳನ್ನು ಅದಲುಬದಲು ಮಾಡಿದ್ದರೆ ಜನರು ಸ್ಕ್ರಾಫ್ಯುಲಾ ಎಂಬ ಸದ್ದಿಗೆ ಮನಸೋತು, ಗೊಂಡೋಲಾ ಎಂಬುದನ್ನು ಕೇಳಿ ಅಸಹ್ಯಪಡುತ್ತಿದ್ದರೆಂಬುದು ಅವರ ತರ್ಕ. ಆ ರೋಗಕ್ಕೆ ಕನ್ನಡದಲ್ಲಿ 'ಗಂಡಮಾಲೆ' ಎನ್ನುತ್ತಾರೆ. ಹೆಸರಿನಲ್ಲೇನೋ ಒಂದು ಮಾಲೆ ಇದೆ. ಅದನ್ನು ಧರಿಸಲು ಮಾತ್ರ ಯಾರೂ ಬಯಸರು. 'ಡಯೇರಿಯಾ' ಎಂಬ ಪದವನ್ನು ಅರ್ಥ ತಿಳಿಯದವನು ಕೇಳಿದರೆ ಯಾವುದೋ ರಾಜಕುಮಾರಿಯ ಹೆಸರೆಂದು ಭಾವಿಸಿಯಾನು. ಅದು ಅತಿಸಾರವೆಂದು ತಿಳಿದ ಮೇಲೆ ಯಾವ ತಂದೆಯೂ ಮಗಳಿಗೆ ಆ ಹೆಸರಿಡುವುದಿಲ್ಲ.

ಆದರೂ ಅರ್ಥದ ಹಂಗಿಲ್ಲದೆ ನಾದವೊಂದೇ ಗೆದ್ದ ಉದಾಹರಣೆಯೂ ಇಲ್ಲದಿಲ್ಲ. ಅದು 'ಸೆಲರ್ ಡೋರ್' ಎಂಬ ಜೋಡಿಪದ. ಸೆಲರ್ ಎಂದರೆ ನೆಲಮಾಳಿಗೆ, ಡೋರ್ ಎಂದರೆ ಬಾಗಿಲು. ಕಲ್ಲಿದ್ದಲು, ಆಲೂಗಡ್ಡೆ, ಹಳೆಯ ಪೀಪಾಯಿ ಮೊದಲಾದವುಗಳನ್ನು ಕೂಡಿಡುವ ಕತ್ತಲೆಕೋಣೆಯ ಬಾಗಿಲಿನಲ್ಲಿ ಅಂದವೇನು? ಆದರೂ ಇಂಗ್ಲಿಷ್ ಭಾಷೆಯಲ್ಲಿ ಇದಕ್ಕಿಂತ ಇಂಪಾದ ನುಡಿಯಿಲ್ಲವೆಂದು ಹಲವರು ಬರೆದಿದ್ದಾರೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮಹಾಕಥೆಯನ್ನು ಬರೆದ ಜೆ. ಆರ್. ಆರ್. ಟೋಲ್ಕೀನ್ ಅವರು ವೃತ್ತಿಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಭಾಷಾಪ್ರಾಧ್ಯಾಪಕರು. 1955ರಲ್ಲಿ ಅಲ್ಲಿ ನೀಡಿದ ಒಂದು ಉಪನ್ಯಾಸದಲ್ಲಿ ಅವರು ಈ ಜೋಡಿಪದವನ್ನು ಎತ್ತಿಕೊಂಡರು. ಅರ್ಥವನ್ನೂ ಕಾಗುಣಿತವನ್ನೂ ಮರೆತು ಕೇಳಿದರೆ ಆಕಾಶವೆಂಬರ್ಥದ 'ಸ್ಕೈ' ಎಂಬುದಕ್ಕಿಂತಲೂ, ಸುಂದರವೆಂಬರ್ಥದ 'ಬ್ಯೂಟಿಫುಲ್' ಎಂಬುದಕ್ಕಿಂತಲೂ 'ಸೆಲರ್ ಡೋರ್' ಸುಂದರವೆಂಬುದನ್ನು ಇಂಗ್ಲಿಷರು ಒಪ್ಪುತ್ತಾರೆಂದು ಅವರ ಅಭಿಪ್ರಾಯ. ಎರಡು ಪದಗಳನ್ನು ಕೂಡಿಸಿ 'ಸೆಲಡೋರ್' ಎಂದು ಬರೆದರೆ ಅದೊಂದು ಮಾಯಾಲೋಕದ ಊರಿನ ಹೆಸರಿನಂತೆ ಮೋಹಕವಾಗುವುದೆಂದು ಟೋಲ್ಕೀನರ ಗೆಳೆಯರಾದ ಲೇಖಕ ಸಿ. ಎಸ್. ಲೂಯಿಸ್ ಅವರು 1963ರಲ್ಲಿ ಬೆರಗುಪಟ್ಟು ಬರೆದರು. ಬಾಗಿಲು ಮರೆಯಾಯಿತು, ನಾದ ಉಳಿಯಿತು.

ಅದೇ ಉಪನ್ಯಾಸದಲ್ಲಿ ಟೋಲ್ಕೀನರು ಇನ್ನೊಂದು ಸಂಗತಿಯನ್ನೂ ಹೇಳಿದ್ದಾರೆ. ವೇಲ್ಸ್ ಪ್ರಾಂತದಿಂದ ಬರುವ ಕಲ್ಲಿದ್ದಲ ಬಂಡಿಗಳ ಮೇಲೆ ಬರೆದಿದ್ದ ಊರುಗಳ ಹೆಸರುಗಳು ಅವರನ್ನು ಎಳೆಯ ವಯಸ್ಸಿನಲ್ಲಿಯೇ ಸೆಳೆದವು. ಒಂದು ಕಲ್ಲಿನ ಮೇಲೆ ಒರಟಾಗಿ ಕೆತ್ತಿದ್ದ ವೆಲ್ಷ್ ಭಾಷೆಯ ಒಂದು ಪದವೂ 1887 ಎಂಬ ಅಂಕೆಯೂ ಅವರ ಹೃದಯವನ್ನು ನಾಟಿದವಂತೆ. ಆ ಪದದ ಅರ್ಥವಾದರೋ 'ಕಟ್ಟಲಾಯಿತು' ಎಂದಷ್ಟೇ. ನಮ್ಮ ಊರುಗಳ ಸೇತುವೆಗಳ ಮೇಲೆ, ಛತ್ರಗಳ ಬಾಗಿಲುವಾಡಗಳ ಮೇಲೆ ಇಂತಹ ಬರಹಗಳು ಎಷ್ಟಿಲ್ಲ! ಅವುಗಳನ್ನು ಓದಿ ಯಾರ ಮೈಯೂ ಪುಳಕಗೊಳ್ಳುವುದಿಲ್ಲ. ಕನ್ನಡಕ ಹಾಕಿಕೊಂಡವನಿಗೆ ಎದುರಿನ ವಸ್ತು ಕಾಣುತ್ತದೆಯೇ ಹೊರತು ಕನ್ನಡಕ ಕಾಣುವುದಿಲ್ಲ. ತಾಯ್ನುಡಿಯ ಪದಗಳೂ ಹಾಗೆಯೇ. ಅವುಗಳ ಮೂಲಕ ಅರ್ಥವನ್ನು ನೋಡುವ ಅಭ್ಯಾಸ ಎಷ್ಟು ಬೇರೂರಿರುತ್ತದೆಂದರೆ ಪದದ ಮೈಬಣ್ಣವೇ ಮರೆತುಹೋಗುತ್ತದೆ. ಪರಭಾಷೆಯ ಪದವನ್ನು ಕಲಿಯುವವನು ಮೊದಲು ಕೇಳುವುದು ಅದರ ದನಿಯನ್ನು. ಅರ್ಥ ಆಮೇಲೆ ಬರುತ್ತದೆ. ಇದು ಕಲಿಯುವವನಿಗಿರುವ ಒಂದು ಭಾಗ್ಯ.

ನಾದದ ಗುಟ್ಟನ್ನು ಲೆಕ್ಕಕ್ಕೆ ಒಳಪಡಿಸಲು ಯತ್ನಿಸಿದವರೂ ಇದ್ದಾರೆ. ಬ್ರಿಟನ್ನಿನ ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಅವರು ಜನರು ಸುಂದರವೆಂದು ಆರಿಸಿದ ಪದಗಳನ್ನು 1995ರ ಒಂದು ಲೇಖನದಲ್ಲಿ ಪರಿಶೀಲಿಸಿದರು. ಮೂರು ಅಥವಾ ಹೆಚ್ಚು ಉಚ್ಚಾರಾಂಶಗಳಿರುವುದು, ಮೊದಲನೆಯದರ ಮೇಲೆ ಒತ್ತು ಬೀಳುವುದು, ಲಕಾರ ಮಕಾರಗಳಿರುವುದು - ಇಂತಹ ಲಕ್ಷಣಗಳು ಅವುಗಳಲ್ಲಿ ಹೆಚ್ಚಾಗಿ ಕಂಡವು. ಈ ಅಳತೆಗೆ ಪೂರ್ತಿಯಾಗಿ ಒಪ್ಪುವ ಪದ 'ಟ್ರೆಮ್ಯುಲಸ್', ಅಂದರೆ ನಡುಗುವ, ಕಂಪಿಸುವ. ಸದ್ದಿಗೂ ಆಕಾರಕ್ಕೂ ನಂಟುಂಟೆಂದು ತೋರಿಸುವ ಪ್ರಯೋಗವೊಂದು ಇನ್ನೂ ಸ್ವಾರಸ್ಯಕರವಾದುದು. ಚೂಪು ಮೂಲೆಗಳ ಒಂದು ಚಿತ್ರವನ್ನೂ ದುಂಡಗಿನ ಅಂಚುಗಳ ಮತ್ತೊಂದು ಚಿತ್ರವನ್ನೂ ಮುಂದಿಟ್ಟು, ಇವುಗಳಲ್ಲಿ 'ಕಿಕಿ' ಯಾವುದು, 'ಬೂಬಾ' ಯಾವುದು ಎಂದು ಕೇಳುವುದು ಆ ಪ್ರಯೋಗ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಹಬರ್ಡ್ ಅವರು 2001ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಅಮೆರಿಕದ ವಿದ್ಯಾರ್ಥಿಗಳೂ ತಮಿಳು ಭಾಷಿಕರೂ ಬಹುಮಟ್ಟಿಗೆ ಒಂದೇ ಉತ್ತರ ಕೊಟ್ಟರು: ಚೂಪಾದುದು ಕಿಕಿ, ದುಂಡಗಿನದು ಬೂಬಾ. ಆ ಮೇಲೆ ಇಪ್ಪತ್ತೈದು ಭಾಷೆಗಳವರ ನಡುವೆ ನಡೆಸಿದ ಪರೀಕ್ಷೆಯಲ್ಲಿ ಹೀಗೆ ಉತ್ತರಿಸಿದವರು ನೂರಕ್ಕೆ 72ರಷ್ಟು. ಎಲ್ಲರೂ ಅಲ್ಲ, ಬಹುಮಂದಿ. ಕನ್ನಡದ 'ಗುಂಡು' 'ಚೂಪು' ಎಂಬ ಪದಗಳನ್ನು ಅಂದುನೋಡಿ ಈ ಮಾತನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಒಲವನ್ನು ಅರಿಯಲು ಹಗೆಯನ್ನೂ ನೋಡಬೇಕು. ಇಂಗ್ಲಿಷ್ ಆಡುವ ಬಹಳ ಮಂದಿಗೆ ಸಹಿಸಲಾಗದ ಒಂದು ಪದ 'ಮಾಯ್ಸ್ಟ್'. ಒದ್ದೆಯಾದ, ತೇವವುಳ್ಳ ಎಂಬುದಷ್ಟೇ ಅದರ ಅರ್ಥ. ಅಮೆರಿಕದ ಓಬರ್ಲಿನ್ ಕಾಲೇಜಿನ ಮನೋವಿಜ್ಞಾನಿ ಪಾಲ್ ತಿಬೊಡೊ ಅವರು ಇದರ ಬಗೆಗೆ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದ ಐವರಲ್ಲಿ ಸುಮಾರು ಒಬ್ಬರಿಗೆ ಆ ಪದವೆಂದರೆ ಆಗದು. ಅವರನ್ನು ಕೇಳಿದರೆ ಅದರ ಸದ್ದೇ ಕೆಟ್ಟದ್ದೆಂದು ದೂರುತ್ತಿದ್ದರು. ಆದರೆ ಅದರಂತೆಯೇ ಸದ್ದುಮಾಡುವ 'ಹಾಯ್ಸ್ಟ್', 'ಫಾಯ್ಸ್ಟ್' ಎಂಬ ಪದಗಳ ಮೇಲೆ ಅವರಿಗೆ ಯಾವ ಕೋಪವೂ ಇರಲಿಲ್ಲ. ಶರೀರದ ತೇವವನ್ನು ನೆನಪಿಗೆ ತರುವುದೇ ಆ ಪದದ ಅಪರಾಧವಾಗಿತ್ತು. ಮನಸ್ಸು ತೀರ್ಪು ಕೊಟ್ಟು, ಹೆಸರನ್ನು ಕಿವಿಯ ಮೇಲೆ ಹೊರಿಸಿತು.

ಇದೇ ಮಾತನ್ನು ಮೆಚ್ಚುಗೆಯ ಕಡೆಯಿಂದ ತೋರಿಸುವ ಪಟ್ಟಿಯೊಂದಿದೆ. ಬ್ರಿಟಿಷ್ ಕೌನ್ಸಿಲ್ ಎಂಬ ಸಂಸ್ಥೆಯು ತನ್ನ ಎಪ್ಪತ್ತನೆಯ ವರ್ಷವಾದ 2004ರಲ್ಲಿ, ಇಂಗ್ಲಿಷ್ ತಾಯ್ನುಡಿಯಲ್ಲದ 102 ದೇಶಗಳ 40,000ಕ್ಕೂ ಹೆಚ್ಚು ಮಂದಿಯನ್ನು ಅವರಿಗೆ ಅತ್ಯಂತ ಸುಂದರವೆನಿಸುವ ಇಂಗ್ಲಿಷ್ ಪದ ಯಾವುದೆಂದು ಕೇಳಿತು. ಬಂದ ಉತ್ತರಗಳಿಂದ ಎಪ್ಪತ್ತು ಪದಗಳ ಪಟ್ಟಿ ಸಿದ್ಧವಾಯಿತು. ಮೊದಲನೆಯ ಸ್ಥಾನ 'ಮದರ್' ಎಂಬುದಕ್ಕೆ. ಬಳಿಕ ಉತ್ಕಟ ಭಾವವೆಂಬ ಅರ್ಥದ 'ಪ್ಯಾಷನ್', ನಗುವಿನ 'ಸ್ಮೈಲ್', ಒಲವಿನ 'ಲವ್', ಅನಂತಕಾಲದ 'ಇಟರ್ನಿಟಿ'. ಸ್ವಾತಂತ್ರ್ಯವೆಂಬ ಅರ್ಥದ 'ಫ್ರೀಡಂ' ಮತ್ತು 'ಲಿಬರ್ಟಿ' ಎರಡೂ ಮೊದಲ ಹತ್ತರಲ್ಲಿ ಸೇರಿದವು. ಎಪ್ಪತ್ತು ಪದಗಳಲ್ಲಿ ಎಲ್ಲಿ ಹುಡುಕಿದರೂ 'ಫಾದರ್' ಮಾತ್ರ ಇರಲಿಲ್ಲ. ಪಾಪ, ಶುಲ್ಕ ಕಟ್ಟಿ ಇಂಗ್ಲಿಷ್ ಕಲಿಸಿದ ತಂದೆಗಳಿಗೆ ಇದಕ್ಕಿಂತ ಹೆಚ್ಚಿನ ಕೃತಘ್ನತೆ ಉಂಟೇ!

ಈ ಜನರಿಗೆಲ್ಲ ಅವರವರ ಭಾಷೆಯಲ್ಲಿ ತಾಯಿಗೆ ಹೆಸರು ಮೊದಲೇ ಇತ್ತು. ಹಾಲೂಡುವ ತಾಯಿಯ ಎದೆಯಲ್ಲಿ ತುಟಿ ಮುಚ್ಚಿದ ಮಗು ಮೂಗಿನಿಂದ ಹೊರಡಿಸುವ ಮಕಾರವೇ ಅನೇಕ ಭಾಷೆಗಳಲ್ಲಿ ತಾಯಿಯ ಹೆಸರಿಗೆ ಬುಡವೆಂದು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ವಿವರಿಸಿದ್ದಾರೆ. 'ಅಮ್ಮ'ನಲ್ಲಿರುವ ಮಕಾರವೇ 'ಮದರ್'ನಲ್ಲಿಯೂ ಇದೆ. ಪರಭಾಷೆಯ ಪದದೊಳಗೆ ತಮ್ಮ ಮನೆಯ ಮುಖವೇ ಕಂಡಾಗ ಆ ಪದ ಪರಕೀಯವಾಗಿ ಉಳಿಯಲಿಲ್ಲ. ಇಲ್ಲಿ ಮೆಚ್ಚಿದ್ದು ಕಿವಿಯಲ್ಲ, ಬಾಳು.

ಪಟ್ಟಿಯ ಕೆಳಭಾಗ ಇನ್ನೂ ರಂಜಕವಾಗಿದೆ. ಅಲ್ಲಿ ಬನಾನಾ ಇದೆ, ಅಂಬ್ರೆಲ್ಲಾ ಇದೆ, ಬಿಕ್ಕಳಿಕೆಯ 'ಹಿಕಪ್' ಇದೆ. 'ಒಂದು ವೇಳೆ' ಎಂಬರ್ಥದ ಪುಟ್ಟ 'ಇಫ್' ಕೂಡ ಇದೆ. ಅಂಬ್ರೆಲ್ಲಾ ಎಂಬುದು ನೆರಳೆಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿ ಇಟಲಿಯ ಮೂಲಕ ಬಂದುದು. ಬಿಸಿಲಿನ ನಾಡಿನಲ್ಲಿ ನೆರಳಿಗಾಗಿ ಹುಟ್ಟಿದ ಪದ ಇಂಗ್ಲೆಂಡಿಗೆ ಹೋಗಿ ಮಳೆಯಲ್ಲಿ ನೆನೆಯತೊಡಗಿತು. 'ಕ್ಯಾಂಗರೂ' ಕೂಡ ಆ ಪಟ್ಟಿಯಲ್ಲಿದೆ. ಬಿಳಿಯರು ಆ ಪ್ರಾಣಿಯ ಹೆಸರನ್ನು ಕೇಳಿದಾಗ ಆಸ್ಟ್ರೇಲಿಯದ ಮೂಲನಿವಾಸಿಗಳು 'ಗೊತ್ತಿಲ್ಲ' ಎಂದರೆಂದೂ, ಅದನ್ನೇ ಅವರು ಹೆಸರೆಂದು ಬರೆದುಕೊಂಡರೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. 1770ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ಆಸ್ಟ್ರೇಲಿಯದ ಈಶಾನ್ಯ ತೀರದಲ್ಲಿ ದುರಸ್ತಿಗಾಗಿ ನಿಂತಾಗ ಅಲ್ಲಿಯ ಗೂಗು ಯಿಮಿಥಿರ್ ಭಾಷೆಯವರು ಆ ಪ್ರಾಣಿಯ ಒಂದು ಜಾತಿಗೆ ತಮ್ಮಲ್ಲಿದ್ದ 'ಗಂಗುರು' ಎಂಬ ಹೆಸರನ್ನೇ ಹೇಳಿದ್ದರು. ಕೇಳಿದವರೂ ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ಭಾರತಕ್ಕೆ ಇಂಗ್ಲಿಷ್ ಒಲವಿನ ದಾರಿಯಿಂದ ಬಂದುದಲ್ಲ; ವ್ಯಾಪಾರದ, ಅಧಿಕಾರದ ದಾರಿಯಿಂದ ಬಂದುದು. 1835ರ ಮೆಕಾಲೆಯ ಟಿಪ್ಪಣಿ ಆ ಭಾಷೆಯನ್ನು ಎತ್ತಿ ಹಿಡಿದಾಗ ಈ ನೆಲದ ಭಾಷೆಗಳನ್ನು ಹೀಗಳೆಯಿತು. ಅಂತಹ ಭಾಷೆಯ ಪದವನ್ನು ಮೆಚ್ಚುವುದೆಂದರೆ ತನ್ನ ಮಾತನ್ನು ಕೀಳೆಂದು ಒಪ್ಪಿಕೊಂಡಂತೆಯೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇದಕ್ಕೆ ವಾದದಿಂದಲ್ಲ, ಕೆಲಸದಿಂದ ಉತ್ತರ ಕೊಟ್ಟರು. ಇಂಗ್ಲಿಷ್ ಕವಿತೆಗಳಿಗೆ ಮನಸೋತು, ಅವನ್ನು ಕನ್ನಡಕ್ಕೆ ತಂದು, 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕವನ್ನು ಹೊರತಂದರು. ನ್ಯೂಮನ್ ಎಂಬ ಪಾದ್ರಿ 1833ರಲ್ಲಿ ಇಟಲಿಯಿಂದ ಮರಳುವಾಗ, ಗಾಳಿಯಿಲ್ಲದೆ ಹಡಗು ನಿಂತ ವೇಳೆಯಲ್ಲಿ ಬರೆದ ಪ್ರಾರ್ಥನೆಯೊಂದು ಅದರಲ್ಲಿದೆ. ಬೆಳಕನ್ನು ಕರೆಯುವಾಗ ನ್ಯೂಮನ್ ಬಳಸಿದ ವಿಶೇಷಣ 'ಕೈಂಡ್ಲಿ'. ಕಚೇರಿಯ ಅರ್ಜಿಗಳಲ್ಲಿ ಬಳಸಿ ಬಳಸಿ ಸವೆದ ನಾಣ್ಯ ಅದು. ಶ್ರೀಕಂಠಯ್ಯನವರು ಅದರ ಎಡೆಯಲ್ಲಿ 'ಕರುಣಾಳು' ಎಂಬ ಪದವನ್ನಿಟ್ಟರು. ಒಡನೆಯೇ ಬೆಳಕು ಬರಿಯ ಬೆಳಕಾಗಿ ಉಳಿಯದೆ, ಕರುಣೆಯುಳ್ಳ ಒಂದು ಜೀವವಾಗಿ ನಿಂತಿತು. ಪರಭಾಷೆಯ ಪದವೊಂದನ್ನು ಮೆಚ್ಚಿದ ಮನಸ್ಸು ತನ್ನ ಭಾಷೆಯ ಉಗ್ರಾಣವನ್ನು ಹೊಕ್ಕು ತಡಕಿದ್ದರಿಂದ ದೊರೆತ ಲಾಭವಿದು.

ಎಷ್ಟು ತಡಕಿದರೂ ಜೋಡಿ ಸಿಗದ ಪದಗಳೂ ಉಂಟು. ಅವುಗಳಲ್ಲಿ ಮುಖ್ಯವಾದುದು 'ಸೆರೆಂಡಿಪಿಟಿ'. 2000ದಲ್ಲಿ ಲಂಡನ್ನಿನ ಒಂದು ಸಾಹಿತ್ಯೋತ್ಸವದ ಅಂಗವಾಗಿ ನಡೆದ ಮತದಾನದಲ್ಲಿ ಬ್ರಿಟನ್ನಿನ ಜನರ ಅಚ್ಚುಮೆಚ್ಚಿನ ಪದವೆಂಬ ಗೌರವ ಇದಕ್ಕೆ ಸಂದಿತು. 2004ರ ಪಟ್ಟಿಯಲ್ಲಿ ಇದರ ಸ್ಥಾನ ಇಪ್ಪತ್ತನಾಲ್ಕನೆಯದು. ಒಂದನ್ನು ಅರಸುತ್ತಿರುವಾಗ, ಅರಸದೆ ಇದ್ದ ಮತ್ತೊಂದು ಬೆಲೆಬಾಳುವ ವಸ್ತು ಅದೃಷ್ಟದಿಂದಲೂ ಜಾಣತನದಿಂದಲೂ ದೊರೆಯುವುದು ಎಂದು ಇದರ ಅರ್ಥ. ಕನ್ನಡದಲ್ಲಿ 'ಹುಡುಕುವ ಬಳ್ಳಿ ಕಾಲಿಗೆ ತೊಡರಿತು' ಎಂಬ ಗಾದೆಯುಂಟು. ಆದರೆ ಗಾದೆಯವನ ಕಾಲಿಗೆ ತೊಡರಿದುದು ಅವನು ಹುಡುಕುತ್ತಿದ್ದ ಬಳ್ಳಿಯೇ. ಸೆರೆಂಡಿಪಿಟಿಯಲ್ಲಿ ತೊಡರುವುದು ಬೇರೆಯ ಬಳ್ಳಿ. ಅದರ ಗುಣವನ್ನು ಕಂಡುಕೊಳ್ಳುವ ಕಣ್ಣೂ ಎಡವಿದವನಿಗೆ ಇರಬೇಕು. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಬ್ಯಾಕ್ಟೀರಿಯ ಬೆಳೆಸಿದ್ದ ತಟ್ಟೆಯೊಂದಕ್ಕೆ ಬೂಸಲು ಹಿಡಿದಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ತೊಳೆದಿಡುತ್ತಿದ್ದರೇನೋ. ಬೂಸಲಿನ ಸುತ್ತ ಬ್ಯಾಕ್ಟೀರಿಯಗಳು ಅಳಿದಿರುವುದನ್ನು ಫ್ಲೆಮಿಂಗ್ ಗಮನಿಸಿದರು. ಪೆನಿಸಿಲಿನ್ ದೊರೆತದ್ದು ಹೀಗೆ.

ಈ ಪದವನ್ನು ಸೃಷ್ಟಿಸಿದವನು ಹದಿನೆಂಟನೆಯ ಶತಮಾನದ ಆಂಗ್ಲ ಲೇಖಕ ಹೊರೇಸ್ ವಾಲ್ಪೋಲ್. ಅವನು ಒಂದು ಹಳೆಯ ಪುಸ್ತಕದಲ್ಲಿ, ತಾನು ಎಣಿಸದೆ ಇದ್ದ ಒಂದು ವಂಶಲಾಂಛನದ ವಿವರವನ್ನು ಕಂಡನು. ಆ ಸಂತೋಷವನ್ನು ಫ್ಲಾರೆನ್ಸಿನಲ್ಲಿದ್ದ ಗೆಳೆಯ ಹೊರೇಸ್ ಮ್ಯಾನನಿಗೆ 1754ರ ಜನವರಿ 28ರಂದು ಪತ್ರದಲ್ಲಿ ತಿಳಿಸುತ್ತ, ಸೆರೆಂಡಿಪ್ ದೇಶದ ಮೂವರು ರಾಜಕುಮಾರರ ಕಥೆಯನ್ನು ನೆನೆದು ಈ ಪದವನ್ನು ಕಟ್ಟಿದನು. ಆ ಕುಮಾರರು ದಾರಿಯಲ್ಲಿ ಹೋಗುತ್ತ, ತಾವು ಎಂದೂ ನೋಡದ ಒಂದು ಒಂಟೆಯನ್ನು ಬಣ್ಣಿಸುತ್ತಾರೆ. ಹುಲ್ಲನ್ನು ದಾರಿಯ ಒಂದೇ ಬದಿಯಲ್ಲಿ ಮೇಯ್ದಿದೆ, ಆದುದರಿಂದ ಅದಕ್ಕೆ ಒಂದು ಕಣ್ಣಿಲ್ಲ. ಒಂದು ಬದಿಯಲ್ಲಿ ಇರುವೆಗಳು, ಮತ್ತೊಂದು ಬದಿಯಲ್ಲಿ ನೊಣಗಳು ಮುತ್ತಿವೆ, ಆದುದರಿಂದ ಅದರ ಹೇರಿನ ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ಜೇನುತುಪ್ಪ. ಇಷ್ಟು ನಿಖರವಾಗಿ ಹೇಳಿದ ತಪ್ಪಿಗೆ, ಒಂಟೆಯನ್ನು ಕದ್ದವರೇ ಇವರೆಂದು ಅವರನ್ನು ಹಿಡಿಯಲಾಗುತ್ತದೆ. ಒಂಟೆ ಸಿಕ್ಕಿದ ಮೇಲೆ ಬಿಡುಗಡೆಯೂ ಆಗುತ್ತದೆ. ವಾಲ್ಪೋಲನ ನೆನಪಿನಲ್ಲಿ ಆ ಒಂಟೆ ಹೇಸರಗತ್ತೆಯಾಗಿಬಿಟ್ಟಿತ್ತು!

ಪತ್ರದಲ್ಲಿ ಹುಟ್ಟಿದ ಪದ ಬಹುಕಾಲ ಪತ್ರದಲ್ಲಿಯೇ ಮಲಗಿತ್ತು. 1833ರಲ್ಲಿ ಆ ಪತ್ರಗಳು ಅಚ್ಚಾದ ಮೇಲೆ ಹೊರಗೆ ಬಂದಿತಾದರೂ, ಎಲ್ಲರ ಬಾಯಿಗೆ ಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆದರೆ ಅದರ ನಿಜವಾದ ಪಯಣ ವಾಲ್ಪೋಲನಿಗಿಂತ ಎಷ್ಟೋ ಹಿಂದೆ ಮೊದಲಾಗಿತ್ತು. ವಾಲ್ಪೋಲನು ನೆನೆದ ಕಥೆ 1557ರಲ್ಲಿ ವೆನಿಸ್ಸಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿತ್ತು. ಅದಕ್ಕೂ ಮೊದಲು, 1302ರ ಸುಮಾರಿಗೆ, ದೆಹಲಿಯ ಕವಿ ಅಮೀರ್ ಖುಸ್ರೊ ತನ್ನ ಪಾರಸಿ ಕಾವ್ಯವಾದ 'ಹಷ್ತ್ ಬಿಹಿಷ್ತ್'ನಲ್ಲಿ ಅದನ್ನು ಹೇಳಿದ್ದನು. ಸೆರೆಂಡಿಪ್ ಎಂಬುದು 'ಸರಂದೀಬ್' ಎಂಬ ಹೆಸರಿನ ಐರೋಪ್ಯ ರೂಪ. ಹಿಂದೂ ಮಹಾಸಾಗರದ ಒಂದು ದ್ವೀಪವನ್ನು ಅರಬ್ಬೀ ನಾವಿಕರು ಆ ಹೆಸರಿನಿಂದ ಕರೆಯುತ್ತಿದ್ದರು. ಅವರ ನಾಲಗೆಯ ಮೇಲೆ ಹಾಗೆ ತಿರುಗಿದ ಮೂಲ ಪದ 'ಸಿಂಹಳದ್ವೀಪ' ಎಂದು ವಿದ್ವಾಂಸರು ಹೇಳುತ್ತಾರೆ. ಆ ದ್ವೀಪ ಬಳಿಕ ಸಿಲೋನ್ ಎನಿಸಿಕೊಂಡು, 1972ರಿಂದ ಶ್ರೀಲಂಕಾ ಎಂದು ಹೆಸರಾಗಿದೆ. ಸರಂದೀಬ್ ಎಂಬ ಊರನ್ನೋ ದೇಶವನ್ನೋ ಈಗ ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಗ್ಲಿಷ್ ನಿಘಂಟಿನಲ್ಲಿ ಬೇರೆ ಯಾವುದೋ ಪದವನ್ನು ಹುಡುಕುತ್ತಿರುವಾಗ ಸಿಕ್ಕೀತು.